ಓದದೆ ಪಾದ್ರಿಯಾಗಬಹುದೇ?

ಕಳೆದ ಕ್ರಿಸ್‌ಮಸ್ಸಿನ ಮಾರನೆಯ ದಿನ. ಮಧ್ಯಾಹ್ನದ ಪಾತ್ರೆ ತೊಳೆದು ಇನ್ನೇನು ಸ್ವಲ್ಪ ಅಡ್ಡಾಗೋಣ ಎನ್ನುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ನೋಡಿದರೆ ನಮ್ಮ ಬೀದಿಯ ಕೊನೆಯ ಮನೆಯಾಕೆ. ಕೈಯಲ್ಲಿ ತಟ್ಟೆ, ಅದರ ಮೇಲೆ ಕಸೂತಿ ಹಾಕಿದ ಬಟ್ಟೆ, ಬಟ್ಟೆಯ ಕೆಳಗೆ ಕಲ್‌ಕಲ್, ರೋಸ್ ಕುಕ್ಕಿ, ಎರಡು ತುಂಡು ಪ್ಲಮ್ ಕೇಕ್. ವರ್ಷಾ ವರ್ಷಾ ಬರುವ ತಟ್ಟೆ ಅದು. ಸಂಕ್ರಾಂತಿಗೆ ಎಳ್ಳು ಬೆಲ್ಲ ತುಂಬಿಕೊಂಡು ಹಿಂದಿರುಗುವುದು ವಾಡಿಕೆ.

ಈ ಸಲ ಆಕೆ ತಟ್ಟೆ ಕೊಟ್ಟು ಹೊರಡಲಿಲ್ಲ. ಅಡಿಗೆಮನೆಯಲ್ಲೇ ಮಣೆ ಎಳೆದುಕೊಂಡು ಕೂತುಬಿಟ್ಟಳು.

"ಅಕ್ಕಾ, ನಿಮ್ಮನ್ನ ಒಂದು ಮಾತು ಕೇಳ್ಬೇಕು. ನೀವು ಪುಸ್ತಕ ಗಿಸ್ತಕ ಓದೋರು. ಸೆಮಿನರೀಲಿ ಓದದೇ ಪಾಸ್ಟರ್ ಆಗಬಹುದಾ?"

"ಯಾರಮ್ಮಾ ಆಗೋರು?"

"ಇನ್ಯಾರು ಅಕ್ಕಾ, ನಮ್ಮನೆಯವರೇ!"

ಆಕೆಯ ಗಂಡ ವರ್ಕ್‌ಶಾಪಿನಲ್ಲಿ ಫಿಟ್ಟರ್. ಒಳ್ಳೆಯ ಮನುಷ್ಯ. ಆರು ವರ್ಷದಿಂದ ಭಾನುವಾರ ಸಂಜೆ ಯಾರದೋ ಮನೆಯ ಪಡಸಾಲೆಯಲ್ಲಿ ಹದಿನೈದಿಪ್ಪತ್ತು ಜನ ಸೇರುತ್ತಾರೆ. ಈತ ಸತ್ಯವೇದ ಓದಿ ಅರ್ಥ ಹೇಳುತ್ತಾನೆ. ಮಾತು ಚೆನ್ನಾಗಿದೆ, ಜನಕ್ಕೂ ಹಿಡಿಸಿದೆ. ಈಗ ಕೆಲಸ ಬಿಟ್ಟು ಪೂರ್ತಿ ಹೊತ್ತು ಅದಕ್ಕೇ ಇಳಿಯುತ್ತೇನೆ ಎನ್ನುತ್ತಿದ್ದಾನಂತೆ. ಮನೆಯಲ್ಲಿ ಸ್ಕೂಲಿಗೆ ಹೋಗುವ ಎರಡು ಮಕ್ಕಳು, ತೀರದ ಒಂದು ಸಾಲ.

"ದೇವರು ಕರೆದಿದ್ದಾನೆ ಅಂತಾರೆ ಅಕ್ಕಾ. ಬೇಡ ಅನ್ನೋಕೆ ನಾನ್ಯಾರು? ಆದರೆ ಕರೆದಿದ್ದು ಅವರನ್ನ. ಅಂಗಡೀಲಿ ಸಾಲ ಹೇಳಿ ಅಕ್ಕಿ ತರೋಳು ನಾನು. ನನ್ನ ಯಾರು ಕರೆದರು?"

ಓದುಗ ಸೋದರಿಯರೇ, ಈ ಮಾತು ಕೇಳಿ ನನ್ನ ಬಾಯಿ ಕಟ್ಟಿತು. "ವಿಚಾರಿಸಿ ಹೇಳ್ತೀನಿ ಇರಮ್ಮ" ಎಂದು ಕಳಿಸಿದೆ. ಆಮೇಲೆ ಕೂತು ಓದಿದ್ದು, ಕೇಳಿ ತಿಳಿದದ್ದು ಎಲ್ಲವನ್ನೂ ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಪಾಸ್ಟರ್ ಆಗಹೊರಟವರು ಇಲ್ಲದಿರಬಹುದು. ಆದರೆ ಹಿಡಿದ ಕೆಲಸ ಬಿಟ್ಟು, ದೊಡ್ಡದೇನನ್ನೋ ಮಾಡುತ್ತೇನೆಂದು ಹೊರಟ ಗಂಡನೋ ಮಗನೋ ಯಾರ ಮನೆಯಲ್ಲಿಲ್ಲ, ನೀವೇ ಹೇಳಿ?

ಸೆಮಿನರಿ ಎಷ್ಟು ಹಳೆಯದು?

ಮೊದಲು ಒಂದು ವಿಷಯ. ಪಾದ್ರಿಯಾಗುವವರು ಸೆಮಿನರಿಯಲ್ಲಿ, ಅಂದರೆ ದೇವಜ್ಞಾನ ಶಾಲೆಯಲ್ಲಿ, ಇಷ್ಟು ವರ್ಷ ಓದಲೇಬೇಕು ಎಂಬ ಕಟ್ಟಳೆ ಕ್ರೈಸ್ತ ಧರ್ಮದಷ್ಟು ಹಳೆಯದಲ್ಲ. ರೋಮನ್ ಕ್ಯಾಥೊಲಿಕ್ ಸಭೆಯ ಹಿರಿಯರು ಟ್ರೆಂಟ್ ಎಂಬ ಊರಿನಲ್ಲಿ ಸೇರಿ, ಪ್ರತಿ ಧರ್ಮಪ್ರಾಂತ್ಯವೂ ಸೆಮಿನರಿ ತೆರೆಯಬೇಕೆಂದು ಗೊತ್ತು ಮಾಡಿದ್ದು 1563ರಲ್ಲಿ. ಅದಕ್ಕೆ ಮುಂಚೆ ವಿಶ್ವವಿದ್ಯಾನಿಲಯದಲ್ಲಿ ಓದಿ ಬಂದ ಪಾದ್ರಿಗಳು ಕೆಲವರಿದ್ದರು. ಉಳಿದವರಲ್ಲಿ ಬಹಳ ಮಂದಿ ಹಿರಿಯ ಪಾದ್ರಿಯ ಕೈಕೆಳಗೆ ನೋಡಿ ಮಾಡಿ ಕಲಿತವರು. ನಾವು ನೀವು ಅತ್ತೆಯ ಪಕ್ಕ ನಿಂತು ಹುಳಿಪುಡಿಯ ಹದ ಕಲಿತೆವಲ್ಲ, ಹಾಗೆ.

ನಮ್ಮ ನಾಡಿನಲ್ಲೂ ಈ ಶಾಲೆಗಳು ತೀರ ಹಳೆಯವಲ್ಲ. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಶನ್ನಿನವರ ಸೆಮಿನರಿ ಶುರುವಾದದ್ದು 1847ರಲ್ಲಿ. ಇಂದಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಬೇರು ಅದೇ. ಅದೇ ಊರಿನ ಜೆಪ್ಪುವಿನಲ್ಲಿರುವ ಕ್ಯಾಥೊಲಿಕರ ಸಂತ ಜೋಸೆಫರ ಸೆಮಿನರಿ 1879ರದು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರದು.

ಆದ್ದರಿಂದ "ಓದದೇ ಆಗಬಹುದಾ?" ಎಂದರೆ, ಆಗಿಹೋದವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಒಬ್ಬನ ಕಥೆ ಮಾತ್ರ ಹೇಳುತ್ತೇನೆ. ಆತನಿಗೂ ನಮ್ಮ ಕನ್ನಡಕ್ಕೂ ಒಂದು ನಂಟಿದೆ. ಆತನ ಹೆಂಡತಿಗೂ ನಮ್ಮ ಬೀದಿಯ ಈ ಹೆಣ್ಣುಮಗಳಿಗೂ ಒಂದು ನಂಟಿದೆ.

ಜೋಡು ಹೊಲಿಯುತ್ತಿದ್ದ ಹುಡುಗ

ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರಿನ ಪಾಲರ್ಸ್‌ಪ್ಯೂರಿ ಎಂಬ ಹಳ್ಳಿ. 1761ರಲ್ಲಿ ಅಲ್ಲಿ ಒಬ್ಬ ನೇಕಾರನ ಮನೆಯಲ್ಲಿ ಹುಟ್ಟಿದವನು ವಿಲಿಯಂ ಕೇರಿ. ತಂದೆ ಆಮೇಲೆ ಊರಿನ ಮೇಷ್ಟರಾದ. ಹುಡುಗನಿಗೆ ಸಿಕ್ಕ ಶಾಲೆ ಅಷ್ಟೇ. ಹೊಲದ ಕೆಲಸಕ್ಕೆ ಹಾಕೋಣವೆಂದರೆ ಬಿಸಿಲು ತಾಕಿದರೆ ಸಾಕು, ಚರ್ಮ ಉರಿಯುತ್ತಿತ್ತು. ನೆರಳಿನ ಕೆಲಸವಾಗಲಿ ಎಂದು ಹದಿನಾಲ್ಕರ ಆಸುಪಾಸಿನಲ್ಲಿ ಪಿಡಿಂಗ್ಟನ್ ಎಂಬ ಹಳ್ಳಿಯ ಜೋಡು ಹೊಲಿಯುವವನ ಬಳಿ ಕೆಲಸ ಕಲಿಯಲು ಬಿಟ್ಟರು.

ಆ ಅಂಗಡಿಯಲ್ಲಿ ಒಂದು ಹಳೆಯ ಪುಸ್ತಕವಿತ್ತು. ಸತ್ಯವೇದದ ಹೊಸ ಒಡಂಬಡಿಕೆಗೆ ಯಾರೋ ಬರೆದ ವ್ಯಾಖ್ಯಾನ. ಅದರ ನಡುನಡುವೆ ಗ್ರೀಕ್ ಅಕ್ಷರಗಳು. ಹುಡುಗನಿಗೆ ಅದು ಏನೆಂದು ತಿಳಿಯದು, ತಿಳಿಯದೆ ಬಿಡಲೂ ಮನಸ್ಸಿಲ್ಲ. ಆ ಅಕ್ಷರಗಳನ್ನು ನೋಡಿ ನೋಡಿ ಕಾಗದದ ಮೇಲೆ ಬರೆದುಕೊಂಡು, ಹಿಂದೊಮ್ಮೆ ಚೆನ್ನಾಗಿ ಓದಿ ಈಗ ಮಗ್ಗದ ಮುಂದೆ ಕೂತಿದ್ದ ಒಬ್ಬ ನೇಕಾರನ ಹತ್ತಿರ ಹೋಗಿ ಅರ್ಥ ಕೇಳುತ್ತಿದ್ದ. ಇದೇ ಆತನ ಸೆಮಿನರಿ! ಮುಂದೆ ಲ್ಯಾಟಿನ್, ಹೀಬ್ರೂ, ಡಚ್, ಫ್ರೆಂಚ್ ಭಾಷೆಗಳನ್ನೂ ಹೀಗೇ ಸಿಕ್ಕ ಪುಸ್ತಕದಿಂದ, ಸಿಕ್ಕ ಮನುಷ್ಯರಿಂದ ಕಲಿತ.

ದೊಡ್ಡ ಶಾಲೆಗೆ ಏಕೆ ಹೋಗಲಿಲ್ಲ ಎನ್ನುವಿರಾ? ಬಡತನ ಒಂದು. ಇನ್ನೊಂದು, ಸರ್ಕಾರದ ಬೆಂಬಲವಿದ್ದ ಇಂಗ್ಲೆಂಡಿನ ಸಭೆಯನ್ನು ಬಿಟ್ಟು ಕೇರಿ ಬ್ಯಾಪ್ಟಿಸ್ಟರ ಕಡೆ ಸೇರಿದ. 1783ರಲ್ಲಿ ನಾರ್ಥಾಂಪ್ಟನ್ನಿನ ಹೊಳೆಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದ. ಅಂಥವರು ಆಗಿನ ಆಕ್ಸ್‌ಫರ್ಡಿಗೆ ಸೇರುವಂತಿರಲಿಲ್ಲ. ಕೇಂಬ್ರಿಜ್ಜಿನಲ್ಲಿ ಡಿಗ್ರಿ ಪಡೆಯುವಂತಿರಲಿಲ್ಲ. ಹೀಗಾಗಿ ಆ ಸಭೆಗಳಲ್ಲಿ ಕೈಕಸುಬಿನ ಜನ ಪ್ರಸಂಗ ಪೀಠ ಹತ್ತುವುದು ಹೊಸದೇನಲ್ಲ.

ಪರೀಕ್ಷೆ ಮಾಡಿದವರು ಯಾರು?

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಸೆಮಿನರಿ ಇಲ್ಲ ಎಂದರೆ ಪರೀಕ್ಷೆಯೇ ಇಲ್ಲ ಎಂದಲ್ಲ. ಕೇರಿ ಮೂರೂವರೆ ವರ್ಷ, ಹದಿನೈದು ದಿನಕ್ಕೊಮ್ಮೆ ಅರ್ಲ್ಸ್ ಬಾರ್ಟನ್ ಎಂಬ ಊರಿಗೆ ನಡೆದುಹೋಗಿ ಪ್ರಸಂಗ ಮಾಡಿದ. ಅವರು ಕೊಡುತ್ತಿದ್ದುದು ಸವೆದ ಬಟ್ಟೆಯ ಖರ್ಚಿಗೂ ಸಾಲುತ್ತಿರಲಿಲ್ಲ. ಆಮೇಲೆ 1785ರಲ್ಲಿ ಓಲ್ನಿ ಎಂಬ ಊರಿನ ಸಭೆಯ ಮುಂದೆ ನಿಂತು ಪ್ರಸಂಗ ಮಾಡಿ, "ನನ್ನನ್ನು ಈ ಕೆಲಸಕ್ಕೆ ಒಪ್ಪುತ್ತೀರಾ?" ಎಂದು ಕೇಳಿದ.

ಅವರು ಒಪ್ಪಲಿಲ್ಲ! ಬೇರೆ ಬೇರೆ ಕಡೆ ಪ್ರಸಂಗ ಮಾಡುತ್ತಿರಲಿ, ಇನ್ನೂ ಕೆಲಕಾಲ ನೋಡೋಣ ಎಂದರು. ನೋಡಿದರು. ಒಂದು ವರ್ಷದ ಮೇಲೆ, 1786ರ ಆಗಸ್ಟಿನಲ್ಲಿ, ಆಗಬಹುದು ಎಂದು ಒಪ್ಪಿಗೆ ಕೊಟ್ಟರು. 1787ರಲ್ಲಿ ಮೌಲ್ಟನ್ ಎಂಬ ಹಳ್ಳಿಯ ಸಭಾಪಾಲಕನಾಗಿ ಆತನಿಗೆ ದೀಕ್ಷೆಯಾಯಿತು.

ನೋಡಿದಿರಾ? "ನನ್ನನ್ನು ದೇವರು ಕರೆದಿದ್ದಾನೆ" ಎಂದು ಆತ ಹೇಳಿಕೊಂಡದ್ದಷ್ಟೇ ಸಾಲಲಿಲ್ಲ. ಆತನನ್ನು ದಿನಾ ನೋಡುವ ಜನ, ಆತನ ಮಾತೂ ನಡತೆಯೂ ಒಂದೇ ಎಂದು ತೂಗಿ ನೋಡಿ, "ಹೌದು, ಕರೆ ಬಂದಿದೆ" ಎನ್ನಬೇಕಾಯಿತು.

ಇನ್ನೊಂದು ಮಾತು. ಕೇರಿ ಕಸುಬು ಬಿಡಲಿಲ್ಲ. ಮೌಲ್ಟನ್ನಿನಲ್ಲಿ ವರ್ಷಕ್ಕೆ ಸಿಗುತ್ತಿದ್ದುದು ಸುಮಾರು 15 ಪೌಂಡು. ಹಗಲು ಮಕ್ಕಳಿಗೆ ಪಾಠ ಹೇಳಿದ, ರಾತ್ರಿ ಜೋಡು ಹೊಲಿದ. ಆತನಿಂದ ಜೋಡು ಕೊಳ್ಳುತ್ತಿದ್ದ ವ್ಯಾಪಾರಿಯೊಬ್ಬ, ವಾರಕ್ಕೆ ನಿನ್ನ ದುಡಿಮೆ ಎಷ್ಟೆಂದು ಕೇಳಿ, "ಆ ಹತ್ತು ಷಿಲಿಂಗು ನಾನೇ ಕೊಡುತ್ತೇನೆ, ನೀನು ಓದು" ಎಂದನಂತೆ. ಚರಿತ್ರೆ ಬರೆದವರು ಹೀಗೆ ಹೇಳುತ್ತಾರೆ. ಎಷ್ಟೋ ವರ್ಷದ ಮೇಲೆ ಕಲ್ಕತ್ತೆಯ ದೊಡ್ಡವರ ಔತಣದಲ್ಲಿ ಯಾರೋ ಕೊಂಕಾಗಿ, "ಈತ ಮೊದಲು ಜೋಡು ತಯಾರಿಸುತ್ತಿದ್ದನಲ್ಲವೇ?" ಎಂದರಂತೆ. ಕೇರಿ ತಿರುಗಿ, "ಇಲ್ಲ ಸ್ವಾಮಿ, ಅಷ್ಟು ದೊಡ್ಡದಲ್ಲ, ಹರಿದದ್ದಕ್ಕೆ ಹೊಲಿಗೆ ಹಾಕುತ್ತಿದ್ದೆ ಅಷ್ಟೇ" ಎಂದನಂತೆ.

ಇಲ್ಲಿಯವರೆಗೆ ಕಥೆ ಚೆನ್ನಾಗಿದೆ, ಅಲ್ಲವೇ? ಈಗ ಅಡಿಗೆಮನೆಯ ಕಡೆಯಿಂದ ನೋಡೋಣ.

ಡೊರೊಥಿಯನ್ನು ಯಾರು ಕರೆದರು?

1781ರಲ್ಲಿ ಪಿಡಿಂಗ್ಟನ್ನಿನ ಇಗರ್ಜಿಯಲ್ಲಿ ಕೇರಿಯ ಮದುವೆಯಾಯಿತು. ಆತನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಹುಡುಗಿ ಡೊರೊಥಿ ಪ್ಲಾಕೆಟ್, ಆತನಿಗಿಂತ ಐದಾರು ವರ್ಷ ದೊಡ್ಡವಳು. ಆಕೆಗೆ ಓದು ಬರಹ ಇರಲಿಲ್ಲ. ಮದುವೆಯ ರಿಜಿಸ್ಟರಿನಲ್ಲಿ ಹೆಸರಿನ ಬದಲು ಒಂದು ಗೀಟು ಹಾಕಿದಳು.

ಮೊದಲ ಮಗು ಹೆಣ್ಣು. ಎರಡು ವರ್ಷಕ್ಕೇ ಜ್ವರದಲ್ಲಿ ತೀರಿಕೊಂಡಿತು. ಅದೇ ಜ್ವರ ಕೇರಿಗೂ ಬಂದು ತಲೆಗೂದಲೆಲ್ಲ ಉದುರಿತು. ಆಮೇಲೆ ಇನ್ನೊಂದು ಹೆಣ್ಣು ಮಗುವೂ ಹೋಯಿತು. ಗಂಡುಮಕ್ಕಳು ಉಳಿದವು. ಹದಿನೈದು ಪೌಂಡಿನ ಸಂಸಾರ ನಡೆಸುವುದು, ಗಂಡ ಪುಸ್ತಕ ಹಿಡಿದು ಕೂತಾಗ ಮಕ್ಕಳ ಗಲಾಟೆ ಸುಮ್ಮನಿರಿಸುವುದು ಯಾರ ಪಾಲಿಗೆ ಬಂದಿರಬೇಕು? ಹೇಳಬೇಕೇ?

1792ರ ಅಕ್ಟೋಬರ್ 2ರಂದು ಕೆಟರಿಂಗ್ ಎಂಬ ಊರಿನಲ್ಲಿ ವಾಲಿಸ್ ಎಂಬ ವಿಧವೆಯ ಮನೆಯ ಹಿಂಬದಿಯ ಕೋಣೆಯಲ್ಲಿ ಕೆಲವರು ಸೇರಿ, ದೂರದೇಶಕ್ಕೆ ಸುವಾರ್ತಿಕರನ್ನು ಕಳಿಸುವ ಸಂಘ ಕಟ್ಟಿದರು. ಅಂದು ಒಟ್ಟಾದ ವಾಗ್ದಾನದ ಹಣ 13 ಪೌಂಡು, 2 ಷಿಲಿಂಗು, 6 ಪೆನ್ಸು. ಕೇರಿ ತಾನೇ ಹೋಗುತ್ತೇನೆಂದು ಎದ್ದು ನಿಂತ. ಎಲ್ಲಿಗೆ? ಬಂಗಾಳಕ್ಕೆ.

ಡೊರೊಥಿ ಒಲ್ಲೆ ಎಂದಳು. ಆಗ ಆಕೆ ಬಸುರಿ. ಹುಟ್ಟಿದ ಹಳ್ಳಿಯ ಸುತ್ತಿನ ಊರುಗಳಲ್ಲದೆ ಬೇರೆ ಪ್ರಪಂಚ ಕಾಣದವಳು. ಕೇರಿ ಹಿರಿಯ ಮಗನೊಬ್ಬನನ್ನು ಕರೆದುಕೊಂಡು ಹೊರಟೇಬಿಟ್ಟ. ಆದರೆ ಹಡಗಿನವರು ತಕರಾರು ತೆಗೆದು ಇಳಿಸಿಬಿಟ್ಟರು. ಅಷ್ಟರಲ್ಲಿ ಡೊರೊಥಿಗೆ ಹೆರಿಗೆಯಾಗಿತ್ತು. ಕೇರಿ ಮತ್ತೆ ಕೇಳಿದ. ಆಕೆ ಮತ್ತೆ ಇಲ್ಲ ಎಂದಳು. ಆಗ ಜೊತೆಗಾರ ಥಾಮಸ್ ಎಂಬ ವೈದ್ಯ ಒಳಗೆ ಹೋಗಿ, ಈಗ ಬರದಿದ್ದರೆ ಸಂಸಾರ ಎರಡು ತುಂಡಾಗುತ್ತದೆ, ಬದುಕಿರುವಷ್ಟು ದಿನ ಪಶ್ಚಾತ್ತಾಪ ಪಡುತ್ತೀಯ ಎಂದು ಹೆದರಿಸಿದ. ತಂಗಿ ಕಿಟ್ಟಿ ಜೊತೆಗೆ ಬಂದರೆ ಬರುತ್ತೇನೆ ಎಂದು ಡೊರೊಥಿ ಒಪ್ಪಿದಳು. ಎಳೆ ಬಾಣಂತಿ, ಕೈಯಲ್ಲಿ ತಿಂಗಳ ಕೂಸು. 1793ರ ಜೂನ್ 13ಕ್ಕೆ ಹಡಗು ಹೊರಟಿತು. ಐದು ತಿಂಗಳ ನಂತರ, ನವೆಂಬರ್ 11ರಂದು ಕಲ್ಕತ್ತೆ ಸೇರಿದರು.

ಇದನ್ನು ಒಪ್ಪಿಗೆ ಎನ್ನೋಣವೇ? ನೀವೇ ಯೋಚಿಸಿ.

ಬಂಗಾಳದಲ್ಲಿ ಕೈಯಲ್ಲಿ ಕಾಸಿಲ್ಲ. ಒಂದು ವರ್ಷದೊಳಗೆ ಅಲ್ಲಿಂದಿಲ್ಲಿಗೆ ಎಷ್ಟೋ ಮನೆ. ಸುಂದರಬನದ ಕಾಡಿನ ಅಂಚಿನಲ್ಲಿ ಕೆಲವು ತಿಂಗಳು. ಡೊರೊಥಿಗೂ ಹಿರಿಯ ಮಗನಿಗೂ ಆಮಶಂಕೆ. ನೆಚ್ಚಿಕೊಂಡು ಬಂದ ತಂಗಿ ಅಲ್ಲೇ ಮದುವೆಯಾಗಿ ಉಳಿದಳು. ಕೇರಿಗೆ ಮದ್ನಾಬತಿ ಎಂಬಲ್ಲಿ ನೀಲಿ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ.

ಅದರ ಬೆನ್ನಲ್ಲೇ ಡೊರೊಥಿಯ ಮನಸ್ಸಿನ ಕಟ್ಟೆ ಒಡೆಯಿತು. ಇಲ್ಲದ ಸಂಶಯಗಳು, ಕೂಗಾಟ, ಕೋಣೆಯಲ್ಲಿ ಕೂಡಿಹಾಕಬೇಕಾದ ಸ್ಥಿತಿ. ಹೀಗೆ ಹನ್ನೆರಡು ವರ್ಷ! ಪಕ್ಕದ ಕೋಣೆಯಲ್ಲಿ ಆಕೆಯ ಗೋಳು, ಈ ಕೋಣೆಯಲ್ಲಿ ಗಂಡನ ಸತ್ಯವೇದದ ಅನುವಾದ. ಕೇರಿ ಕೆಟ್ಟವನಲ್ಲ. ಹುಚ್ಚಾಸ್ಪತ್ರೆಗೆ ಕಳಿಸಿಬಿಡು ಎಂದವರ ಮಾತು ಕೇಳದೆ ಕೊನೆಯವರೆಗೂ ಮನೆಯಲ್ಲೇ ಇಟ್ಟುಕೊಂಡ. 1807ರ ಡಿಸೆಂಬರ್ 8ರಂದು ಆಕೆ ಕಣ್ಣು ಮುಚ್ಚಿದಳು.

ಸೆಮಿನರಿಯ ಮುಖ ನೋಡದ ಆ ಮನುಷ್ಯನಿಗೆ ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯ ದೇವಜ್ಞಾನದ ಡಾಕ್ಟರೇಟ್ ಕೊಟ್ಟದ್ದೂ ಅದೇ 1807ರಲ್ಲೇ. ಶಾಲೆಗೆ ಫೀಜು ಕಟ್ಟದೆ ಪಾದ್ರಿಯಾದ ಎನ್ನುತ್ತೇವೆ. ನನಗೇನೋ ಆ ಫೀಜನ್ನು ಡೊರೊಥಿ ಕಟ್ಟಿದಳು ಅನ್ನಿಸುತ್ತದೆ.

ತನಗಿಲ್ಲದ್ದನ್ನು ಕಟ್ಟಿದವನು

ಕೇರಿಯ ಕೆಲಸ ಚಿಕ್ಕದಲ್ಲ. 1800ರಲ್ಲಿ ಡೇನರ ಆಳಿಕೆಯಲ್ಲಿದ್ದ ಶ್ರೀರಾಂಪುರಕ್ಕೆ (ಸೆರಾಂಪೂರ್) ಬಂದು ನೆಲೆಸಿದ. ಮಾರ್ಷ್‌ಮನ್ ಮತ್ತು ವಾರ್ಡ್ ಜೊತೆಯಾದರು. ಅಚ್ಚುಕೂಟ ಎದ್ದಿತು. ಮಾರ್ಷ್‌ಮನ್ನನ ಹೆಂಡತಿ ಹ್ಯಾನ್ನಾ ಶಾಲೆಗಳನ್ನು ನಡೆಸಿದಳು, ತಾಯಿಯಿದ್ದೂ ತಬ್ಬಲಿಗಳಂತಿದ್ದ ಕೇರಿಯ ಮಕ್ಕಳನ್ನೂ ತಿದ್ದಿದಳು. 1801ರಿಂದ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕೇರಿ ಬಂಗಾಳಿ ಕಲಿಸಿದ.

ಕನ್ನಡದ ನಂಟು ಎಂದೆನಲ್ಲ, ಕೇಳಿ. ಆತ ಕನ್ನಡಕ್ಕೂ ಕೈ ಹಾಕಿ ಹೊಸ ಒಡಂಬಡಿಕೆಯ ಅನುವಾದ ಸಿದ್ಧ ಮಾಡುತ್ತಿದ್ದ. 1812ರ ಮಾರ್ಚ್ 11ರ ರಾತ್ರಿ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕನ್ನಡದ್ದೂ ಇತ್ತು. ಆತ ಮತ್ತೆ ಶುರು ಮಾಡಿದ. 1817ರಲ್ಲಿ ಆತ ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ ಶ್ರೀರಾಂಪುರದಲ್ಲಿ ಅಚ್ಚಾಯಿತು.

ಇನ್ನೊಂದು ಸಂಗತಿ ನಾವು ಹೆಂಗಸರು ಮರೆಯುವಂಥದ್ದಲ್ಲ. ಸತಿಪದ್ಧತಿಯನ್ನು ನಿಷೇಧಿಸಿದ ಬೆಂಟಿಂಕನ ಆಜ್ಞೆ 1829ರ ಡಿಸೆಂಬರಿನಲ್ಲಿ ಬಂಗಾಳಿಗೆ ಅನುವಾದವಾಗಲೆಂದು ಕೇರಿಯ ಕೈಗೆ ಬಂತು. ಅಂದು ಭಾನುವಾರ. ತಡವಾದಷ್ಟೂ ಇನ್ನೆಷ್ಟು ಹೆಣ್ಣುಗಳು ಚಿತೆಯೇರಬೇಕೋ ಎಂದು, ಅಂದಿನ ಪ್ರಸಂಗವನ್ನು ಬೇರೆಯವರಿಗೆ ವಹಿಸಿ, ಸಂಜೆಯೊಳಗೆ ಅನುವಾದ ಮುಗಿಸಿಕೊಟ್ಟ.

ಎಲ್ಲಕ್ಕಿಂತ ಸೋಜಿಗದ್ದು ಇದು. ಕಾಲೇಜು ಕಾಣದ ಈತ 1818ರಲ್ಲಿ ಜೊತೆಗಾರರೊಡನೆ ಶ್ರೀರಾಂಪುರದಲ್ಲಿ ಕಾಲೇಜು ಕಟ್ಟಿದ. 1827ರಲ್ಲಿ ಡೆನ್ಮಾರ್ಕಿನ ದೊರೆಯ ಸನ್ನದು ಸಿಕ್ಕಿ ಡಿಗ್ರಿ ಕೊಡುವ ಅಧಿಕಾರ ಬಂತು. ಇವತ್ತು ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜು, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಎರಡೂ ಅದೇ ಸೆರಾಂಪೂರಿನ ಸೆನೆಟ್ಟಿಗೆ ಸೇರಿದವು. ನಮ್ಮ ಕಡೆಯ ಎಷ್ಟೋ ಸಭಾಪಾಲಕರ ಡಿಗ್ರಿ ಕಾಗದದ ಮೂಲ ಡಿಗ್ರಿಯಿಲ್ಲದೆ ಸಭಾಪಾಲಕನಾದವನ ಆ ಕಾಲೇಜು! ಓದು ಬೇಡ ಎಂದು ಆತ ಎಂದೂ ಹೇಳಲಿಲ್ಲ. ಇಲ್ಲದಿರುವುದರ ಕಷ್ಟ ಗೊತ್ತಿದ್ದದ್ದಕ್ಕೇ ಮುಂದಿನವರಿಗೆ ಶಾಲೆ ಮಾಡಿಟ್ಟ.

ಕೂಡಿಟ್ಟ ನಾಣ್ಯಗಳು

ಕೇರಿ ತೀರಿಕೊಂಡ 1834ರಲ್ಲೇ ಇಂಗ್ಲೆಂಡಿನಲ್ಲಿ ಹುಟ್ಟಿದವನು ಚಾರ್ಲ್ಸ್ ಸ್ಪರ್ಜನ್. ಈತನೂ ದೇವಜ್ಞಾನ ಶಾಲೆಯಲ್ಲಿ ಓದಲಿಲ್ಲ. ಹತ್ತೊಂಬತ್ತು ವರ್ಷಕ್ಕೆ, 1854ರಲ್ಲಿ, ಲಂಡನ್ನಿನ ದೊಡ್ಡ ಸಭೆಗೆ ಪಾಲಕನಾದ. ಎರಡೇ ವರ್ಷದಲ್ಲಿ ಬಡ ಹುಡುಗರಿಗಾಗಿ ಪಾಸ್ಟರರ ಕಾಲೇಜು ಶುರು ಮಾಡಿದ.

ನಾನು ಹೇಳಹೊರಟದ್ದು ಆತನ ಹೆಂಡತಿ ಸುಸಾನ್ನಾಳ ಮಾತು. ಕಾಯಿಲೆಯ ದೇಹ, ಮನೆ ಬಿಟ್ಟು ಹೊರಗೆ ಹೋಗುವುದೇ ಅಪರೂಪ. 1875ರಲ್ಲಿ ಗಂಡ ಬರೆದ ಪುಸ್ತಕ ಅಚ್ಚಾದಾಗ, ಇದು ಇಂಗ್ಲೆಂಡಿನ ಎಲ್ಲ ಸಭಾಪಾಲಕರ ಕೈಗೂ ಸಿಗಬೇಕು ಎಂದಳು. ಹಾಗಾದರೆ ನೀನೆಷ್ಟು ಕೊಡುತ್ತೀ ಎಂದ ಗಂಡ. ತನಗೆ ಸಿಕ್ಕಾಗಲೆಲ್ಲ ಐದು ಷಿಲಿಂಗಿನ ನಾಣ್ಯಗಳನ್ನು ಎತ್ತಿಡುವ ಅಭ್ಯಾಸ ಆಕೆಗೆ. ಹೋಗಿ ಎಣಿಸಿದಳು. ನೂರು ಪ್ರತಿಗೆ ಸರಿಯಾಗಿ ಸಾಕಾಗುವಷ್ಟಿತ್ತು! ಅಂದು ಶುರುವಾದ ಆಕೆಯ ಪುಸ್ತಕ ನಿಧಿ, ಆಕೆ 1903ರಲ್ಲಿ ತೀರಿಕೊಳ್ಳುವವರೆಗೂ ನಡೆಯಿತು. ಪುಸ್ತಕ ಕೊಳ್ಳಲಾಗದ ಸಾವಿರಾರು ಜನ ಹಳ್ಳಿಯ ಪಾಲಕರು ಅದರಿಂದ ಓದಿಕೊಂಡರು.

ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಡುವ ನಮಗೆ ಈಕೆ ಪರಕೀಯಳೇ? ಡೊರೊಥಿಗೂ ಸುಸಾನ್ನಾಳಿಗೂ ಇರುವ ವ್ಯತ್ಯಾಸ ಭಕ್ತಿಯದಲ್ಲ. ಒಬ್ಬಳನ್ನು ಎಳೆದುಕೊಂಡು ಹೋದರು, ಇನ್ನೊಬ್ಬಳು ತಾನೇ ಕೈ ಹಚ್ಚಿದಳು.

ಇಂದು ಹೇಗೆ?

ನಮ್ಮ ಬೀದಿಯಾಕೆಯ ಪ್ರಶ್ನೆಗೆ ನೇರ ಉತ್ತರ: ಅದು ಯಾವ ಸಭೆ ಎಂಬುದರ ಮೇಲೆ ಹೋಗುತ್ತದೆ. ಕ್ಯಾಥೊಲಿಕ್ ಪಾದ್ರಿಯಾಗಲು ಸೆಮಿನರಿಯ ಹಲವು ವರ್ಷಗಳ ಓದು ಬೇಕೇ ಬೇಕು. 1947ರಲ್ಲಿ ಹಲವು ಸಭೆಗಳು ಕೂಡಿ ಆದ ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿ.ಎಸ್.ಐ.ಯಲ್ಲಿ, ಸಾಮಾನ್ಯವಾಗಿ ದೇವಜ್ಞಾನದ ಡಿಗ್ರಿ ಮಾಡಿದವರಿಗೇ ದೀಕ್ಷೆ. ಆದರೆ ದೀಕ್ಷೆಯಿಲ್ಲದವರೂ ಅಲ್ಲಿ ಪ್ರಸಂಗ ಮಾಡಬಹುದು, ಸಭೆಗೆ ನೆರವಾಗಬಹುದು. ಬ್ರದರನ್ ಕೂಟಗಳಲ್ಲಿ ದೀಕ್ಷೆ ಪಡೆದ ಬೇರೆ ಪಾದ್ರಿವರ್ಗವೇ ಇಲ್ಲ. ಸ್ವತಂತ್ರ ಸಭೆಗಳಲ್ಲಿ, ಹಲವು ಪೆಂತೆಕೋಸ್ತು ಸಭೆಗಳಲ್ಲಿ, ಆಯಾ ಸಭೆಯ ಹಿರಿಯರ ತೀರ್ಮಾನ.

ಹೆಂಗಸರ ವಿಷಯ ಕೇಳುವಿರಾ? ಮನೆಮನೆಗೆ ಹೋಗಿ ಓದಿ ಹೇಳುತ್ತಿದ್ದ ಬೈಬಲ್ ಹೆಂಗಸರು ದೀಕ್ಷೆಯ ಹೆಸರಿಲ್ಲದೆ ಆ ಕೆಲಸ ಮಾಡಿದವರು. ಆಮೇಲೆ ಕಾಲ ಬದಲಾಯಿತು. 2013ರಲ್ಲಿ ಪುಷ್ಪಲಲಿತಾ ಅವರು ಆಂಧ್ರದ ನಂದ್ಯಾಲದಲ್ಲಿ ಸಿ.ಎಸ್.ಐ.ಯ ಮೊದಲ ಮಹಿಳಾ ಬಿಷಪ್ ಆದರು.

ಹೀಗೆ ಹೊರಟವರು ಮನೆಯಲ್ಲಿದ್ದರೆ, ಕೂತು ಕೇಳಬೇಕಾದ ಕೆಲವು ಮಾತು:

1. ಕರೆ ಬಂದಿದೆ ಎಂದು ಇನ್ನು ಯಾರು ಹೇಳುತ್ತಾರೆ? ಓಲ್ನಿಯವರ ಹಾಗೆ ಒಂದು ವರ್ಷ ಪರೀಕ್ಷಿಸಿ ನೋಡುವ ಹಿರಿಯರು ಇದ್ದಾರೆಯೇ? "ನನ್ನನ್ನು ಯಾರೂ ಪ್ರಶ್ನಿಸುವ ಹಾಗಿಲ್ಲ" ಎನ್ನುವವರ ಬಗ್ಗೆ ಎಚ್ಚರ.

2. ಕೆಲಸ ಈಗಲೇ ಬಿಡಬೇಕೇ? ಕೇರಿ ವರ್ಷಗಟ್ಟಲೆ ಜೋಡು ಹೊಲಿಯುತ್ತಲೇ ಪ್ರಸಂಗ ಮಾಡಿದ. ಫಿಟ್ಟರ್ ಕೆಲಸ ದೇವರ ಕೆಲಸಕ್ಕೆ ಅಡ್ಡಿಯಲ್ಲ.

3. ಸೆಮಿನರಿಗೆ ಹೋಗಲಾಗದಿದ್ದರೂ ಓದು ನಿಲ್ಲಿಸಬೇಡಿ. ಮನೆಯಲ್ಲಿದ್ದೇ ಕ್ರೈಸ್ತ ಅಧ್ಯಯನದ ಡಿಪ್ಲೊಮಾ ಓದಿ ಪರೀಕ್ಷೆ ಕಟ್ಟುವ ಏರ್ಪಾಡು ಸೆರಾಂಪೂರಿನ ಸೆನೆಟ್ಟಿನಲ್ಲಿದೆ. ಹಣ ಕಟ್ಟಿದೊಡನೆ ಮನೆಬಾಗಿಲಿಗೆ ಬರುವ "ರೆವರೆಂಡ್", "ಡಾಕ್ಟರ್" ಕಾಗದಗಳನ್ನು ನಂಬಬೇಡಿ.

4. ಮದುವೆ ಮಾಡಿಸುವ ಅಧಿಕಾರ ಎಲ್ಲರಿಗೂ ಇಲ್ಲ! 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ 5ನೇ ಕಲಮಿನಲ್ಲಿ ಯಾರು ಮಾಡಿಸಬಹುದೆಂದು ಹೇಳಿದೆ. ಬಿಷಪ್ಪರಿಂದ ದೀಕ್ಷೆ ಪಡೆದವರು, ಸರ್ಕಾರದ ಲೈಸೆನ್ಸ್ ಇರುವವರು, ವಿವಾಹ ರಿಜಿಸ್ಟ್ರಾರರು ಮೊದಲಾದವರು. ಅಧಿಕಾರವಿಲ್ಲದೆ ಮಾಡಿಸಿದರೆ 68ನೇ ಕಲಮಿನ ಪ್ರಕಾರ ಹತ್ತು ವರ್ಷದವರೆಗೂ ಜೈಲಾಗಬಹುದು. ಹೆಣ್ಣು ಹೆತ್ತವರೇ, ನಾಚಿಕೆಪಡದೆ "ಲೈಸೆನ್ಸ್ ಇದೆಯೇ?" ಎಂದು ಕೇಳಿ. ಪಾಸ್‌ಪೋರ್ಟಿಗೋ ಪಿಂಚಣಿಗೋ ಮದುವೆ ಸರ್ಟಿಫಿಕೇಟ್ ಬೇಕಾದಾಗ ಪರದಾಡುವವಳು ಮಗಳು. ಅನುಮಾನವಿದ್ದರೆ 1954ರ ವಿಶೇಷ ವಿವಾಹ ಕಾಯಿದೆಯಡಿ ರಿಜಿಸ್ಟರ್ ಆಫೀಸಿನಲ್ಲಿ ಮಾಡಿಸುವ ದಾರಿ ಇದ್ದೇ ಇದೆ.

5. ಕಾಣಿಕೆಯ ಹಣ ಯಾರ ಹೆಸರಿನಲ್ಲಿ? ಪಾಲಕನ ಜೇಬೂ ಸಭೆಯ ಪೆಟ್ಟಿಗೆಯೂ ಬೇರೆ ಬೇರೆ ಇರಬೇಕು. ಲೆಕ್ಕ ನೋಡುವವರು ಮನೆಯವರಲ್ಲದೆ ಬೇರೆಯವರಾಗಿರಬೇಕು.

6. ಕೊನೆಯದು, ಮೊದಲು ಕೇಳಬೇಕಾದದ್ದು: ಹೆಂಡತಿಯನ್ನು ಕೇಳಿದ್ದೀರಾ? ಆಕೆ "ಇಲ್ಲ" ಎನ್ನಬಹುದಾದ ಹಾಗೆ ಕೇಳಿದ್ದೀರಾ?

ಸಂಕ್ರಾಂತಿಯ ತಟ್ಟೆ

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಸಂಕ್ರಾಂತಿಯ ದಿನ ಎಳ್ಳು ಬೆಲ್ಲದ ತಟ್ಟೆಯ ಜೊತೆ ಆಕೆಗೆ ಕೊಟ್ಟೆ. ಡೊರೊಥಿಯ ಕಥೆಯನ್ನು ಬಾಯಲ್ಲೇ ಹೇಳಿದೆ. ಆಕೆ ಕಣ್ಣೊರೆಸಿಕೊಂಡು, "ಪಾಪ, ಆ ದೇಶದಲ್ಲಿ ಆಕೆಗೆ ಪಕ್ಕದ ಮನೆ ಅಂತಾನೂ ಇರಲಿಲ್ಲ ಅಲ್ವಾ ಅಕ್ಕಾ?" ಎಂದಳು.

ಮೊನ್ನೆ ಮತ್ತೆ ಬಂದಿದ್ದಳು. ಗಂಡ ಹಾಳೆ ಓದಿ ಎರಡು ದಿನ ಮಾತೇ ಆಡಲಿಲ್ಲವಂತೆ. ಮೂರನೇ ದಿನ ಊಟಕ್ಕೆ ಕೂತಾಗ, "ನಿನಗೇನನ್ನಿಸುತ್ತೆ?" ಎಂದು ಕೇಳಿದನಂತೆ. ವರ್ಕ್‌ಶಾಪು ಬಿಟ್ಟಿಲ್ಲ. ಡಿಪ್ಲೊಮಾ ಪರೀಕ್ಷೆಯ ವಿಷಯ ವಿಚಾರಿಸಲು ಕಾಗದ ಬರೆದಿದ್ದಾನೆ. ಪಾಸ್ಟರ್ಆಗುತ್ತಾನೋ ಇಲ್ಲವೋ, ಇನ್ನೂ ತೀರ್ಮಾನವಾಗಿಲ್ಲ.

"ನೀನೇನಂದೆ?" ಎಂದೆ.

"ಓದಲಿ, ನಾನೂ ಜೊತೇಲಿ ಕೂತು ಓದ್ತೀನಿ ಅಂದೆ. ಎಸ್ಸೆಸ್ಸೆಲ್ಸಿ ಪಾಸಾಗಿದೀನಲ್ಲ ಅಕ್ಕಾ! ಅವರು ಹೇಳಿದ್ದು ತಪ್ಪಾದರೆ ಹೇಳೋಕೆ ಮನೇಲಿ ಒಬ್ಬರು ಬೇಡ್ವಾ?"

ನಿಮ್ಮ ಮನೆಯಲ್ಲೂ ಯಾರಾದರೂ "ನನ್ನನ್ನು ಕರೆದಿದ್ದಾರೆ" ಎಂದು ಎದ್ದು ನಿಂತರೆ, ಅಡ್ಡ ನಿಲ್ಲಬೇಡಿ, ಹಾಗೆಂದು ಬಾಯಿ ಮುಚ್ಚಿಕೊಂಡು ಹಿಂದೆಯೂ ಹೋಗಬೇಡಿ. ಒಲೆ ಆರಿಸಿ, ಎದುರು ಕೂತು, ಈ ಆರು ಮಾತು ಕೇಳಿ. ನಿಜವಾದ ಕರೆಯಾಗಿದ್ದರೆ ಅಷ್ಟು ಹೊತ್ತು ಕಾಯುತ್ತದೆ. ಓಲ್ನಿಯಲ್ಲಿ ಒಂದು ವರ್ಷವೇ ಕಾಯಲಿಲ್ಲವೇ?